ವಾಪಸು ದಾರಿಯ ಹಳದಿ ಗುರುತುಗಳು

“ಹದಿಮೂರೂವರೆ ಕಿಲೋ!” ಎಂದು ಒಂಬತ್ತನೇ ತಂಗುಮನೆಯ ಯಜಮಾನ ಕೂಗಿದ. “ಏನ್ ಸಾರ್, ನಡೆಯೋಕೆ ಬಂದಿದ್ದೀರೋ, ಮನೆ ಖಾಲಿ ಮಾಡ್ಕೊಂಡು ಬಂದಿದ್ದೀರೋ?”

ಬಾಗಿಲ ತೊಲೆಯಿಂದ ಇಳಿಬಿಟ್ಟ ಕೊಕ್ಕೆಯ ತಕ್ಕಡಿಯಲ್ಲಿ ಪತ್ತೇದಾರರ ಹಳೆಯ ಕ್ಯಾನ್ವಾಸ್ ಬೆನ್ನುಚೀಲ ನಿಧಾನವಾಗಿ ತಿರುಗುತ್ತಿತ್ತು. ಈ ದಾರಿಯಲ್ಲಿ ಹಾದುಹೋಗುವ ಯಾರ ಚೀಲವನ್ನೂ ಆತ ತೂಗದೆ ಬಿಟ್ಟವನಲ್ಲ. ತೂಗುವುದು, ತೂಕವನ್ನು ಅಂಗಳಕ್ಕೆಲ್ಲ ಕೇಳುವಂತೆ ಸಾರುವುದು, ಮುಖ ಸಣ್ಣದಾದವರ ಬೆನ್ನು ತಟ್ಟಿ ಎರಡು ಬೇಯಿಸಿದ ಮೊಟ್ಟೆ ಕಟ್ಟಿಕೊಡುವುದು. ಮೂವತ್ತು ವರ್ಷಗಳ ಕ್ರಮ ಅದು.

“ಇಪ್ಪತ್ತನೇ ವಯಸ್ಸಲ್ಲಿ ಇದೇ ಚೀಲದಲ್ಲಿ ಇಪ್ಪತ್ತು ಕಿಲೋ ಹೊತ್ತಿದ್ದೆನಪ್ಪಾ,” ಎಂದರು ಪತ್ತೇದಾರರು.

“ಆಗ ಚೀಲ ಒಂದೇ ಹೊರ್ತಿದ್ರಿ. ಈಗ ಹೊಟ್ಟೇನೂ ಹೊರ್ಬೇಕಲ್ಲ!”

ಮುಂದಿನ ಚೀಲ ಅವರ ಕಕ್ಷಿದಾರಳದು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ, ಮೂವತ್ತು ವರ್ಷದ, ಗಿಡ್ಡ ಮೈಕಟ್ಟಿನ ಹೆಣ್ಣುಮಗಳು.

“ಆರೂ ಕಾಲು! ಏನಮ್ಮಾ, ಒಳಗೆ ಗಾಳಿ ತುಂಬಿದ್ದೀಯಾ?”

“ಹಲ್ಲುಜ್ಜೋ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿ ತಂದಿದ್ದೀನಿ. ಅಪ್ಪ ಕಲಿಸಿದ್ದು.”

ಯಜಮಾನನ ನಗು ಮೆತ್ತಗಾಯಿತು. “ನಿಮ್ಮಪ್ಪಂದು ಬಣ್ಣದ ಡಬ್ಬಿ ಸೇರಿಸಿದ್ರೂ ಒಂಬತ್ತು ದಾಟ್ತಿರ್ಲಿಲ್ಲ, ಮಗಳೇ. ಅಂಥ ನಡಿಗೆಯವರು ಈಗ ಯಾರಿದ್ದಾರೆ?”

ಮೂರನೆಯವನು ಚೀಲವನ್ನು ತಕ್ಕಡಿಗೆ ಕೊಡಲೇ ಇಲ್ಲ. ಬಾಗಿಲಲ್ಲಿ ತಲೆ ತಗ್ಗಿಸಿ ಹೊರಬಂದ ಆ ನೀಳಕಾಯದವನು ಅವಳ ಸೋದರಮಾವ. ವೃತ್ತಿಯಲ್ಲಿ ಗಡಿಯಾರ ರಿಪೇರಿ. ಮನೆಮಂದಿಗೆಲ್ಲ ‘ಏಣಿ ಮಾವ’. “ನಂದು ತೂಗ್ಬೇಡ ಪುಣ್ಯಾತ್ಮ. ನನ್ನ ಮರ್ಯಾದೆಯ ತೂಕ ನನಗೆ ಗೊತ್ತು,” ಎಂದು ಪಟ್ಟಿಗಳನ್ನು ಬಿಗಿದುಕೊಂಡ.

“ಹೊಸ ದಾರೀಲೇ ಹೋಗಿ. ಹಳೇದರ ತುಂಬಾ ಮುಳ್ಳು,” ಎಂದ ಯಜಮಾನ.

“ಹಳೇದಕ್ಕೇ ಬಂದಿರೋದು,” ಎಂದಳು ಅವಳು.

*

ಅವಳ ತಂದೆ ಅಂಗಡಿಗಳ ನಾಮಫಲಕ ಬರೆಯುತ್ತಿದ್ದವನು. ವರ್ಷಕ್ಕೊಮ್ಮೆ, ಹಿಮ ಕರಗಿ ದಾರಿ ತೆರೆಯುವ ಮೊದಲು, ದಾರಿ ಸಂಘದವರು ಕೊಟ್ಟ ಒಂದು ಡಬ್ಬಿ ಬಣ್ಣ ಹಿಡಿದು ಬೆಟ್ಟಕ್ಕೆ ಬರುತ್ತಿದ್ದ. ಒಂಬತ್ತನೇ ಮನೆಯಿಂದ ಹತ್ತನೆಯದರವರೆಗಿನ ಮರಗಳಿಗೆ ದಾರಿಗುರುತು ಹಚ್ಚುವುದು ಅವನ ಪಾಲು. ಇಪ್ಪತ್ತೆರಡು ವರ್ಷಗಳ ಹಿಂದೆ ಹಾಗೆ ಬಂದವನು ಮರಳಲಿಲ್ಲ. ಹೋಗುವ ದಾರಿಯಲ್ಲೇ, ಹೊಳೆಯ ಹಗ್ಗದ ಸೇತುವೆಯ ಮೇಲೆ ಕಾಲಿಡುತ್ತಿದ್ದಂತೆ ಜಾರಿ ಬಿದ್ದ ಎಂದು ಜೊತೆಗಿದ್ದ ಭಾವಮೈದುನ, ಇದೇ ಏಣಿ ಮಾವ, ಹೇಳಿಕೆ ಕೊಟ್ಟ. ದೇಹ ಸಿಗಲಿಲ್ಲ.

ಸಂಘದವರು ಈಗ ಹಳೆಯ ದಾರಿಯನ್ನು ಮತ್ತೆ ತೆರೆಯುತ್ತಿದ್ದಾರೆ. ಮುಂದಿನ ವಾರ ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆಯುತ್ತಾರೆ. ಹೊಳೆಯ ದಂಡೆಯಲ್ಲಿ ಒಂದು ಕಲ್ಲುಬೆಂಚು ಹಾಕುತ್ತಾರೆ. ಅದರ ಮೇಲೆ ಕೊರೆಸಬೇಕಾದ ಸಾಲನ್ನು ಮಗಳೇ ಬರೆದುಕೊಡಬೇಕು. ಆ ಸಾಲಿಗಾಗಿ ಸಂಘದ ಹಳೆಯ ಕಡತ ತೆರೆದವಳ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ನಮೂದು: ‘ಡಬ್ಬಿ ಒಂದು, ವಾಪಸು ಬಂದಿದೆ, ಖಾಲಿ.’

ಅರ್ಧ ದಾರಿಯನ್ನೂ ಮುಟ್ಟದೆ ಸತ್ತವನ ಡಬ್ಬಿ ಖಾಲಿಯಾದದ್ದು ಹೇಗೆ? ಅವಳು ಪತ್ತೇದಾರರ ಮೆಟ್ಟಿಲು ಹತ್ತಿದ್ದು ಆ ಪ್ರಶ್ನೆಯನ್ನು ಹೊತ್ತು. ‘ನಾನೂ ಬರ್ತೀನಿ’ ಎಂದು ಮಾವ ಹಟ ಹಿಡಿದದ್ದು ಅದರ ಮರುದಿನ.

ದಾರಿ ನುಣುಪು ತೊಗಟೆಯ ಬೀಚ್ ಮರಗಳ ನಡುವೆ ಏರತೊಡಗಿತು. ಬೆಳಗಿನ ಬಿಸಿಲು ಎಲೆಗಳ ಸಂದಿನಿಂದ ಇಳಿದು ನೆಲದ ಮೇಲೆ ಅಲುಗಾಡುತ್ತಿತ್ತು. ಹೆಗಲ ಮೇಲಿನ ಪಟ್ಟಿ ಮೊದಲ ಅರ್ಧ ಗಂಟೆ ಕಚ್ಚುತ್ತದೆ, ಆಮೇಲೆ ಮೈಯ ಭಾಗವೇ ಆಗಿಬಿಡುತ್ತದೆ. ಪತ್ತೇದಾರರಿಗೆ ಅದು ನಲವತ್ತು ವರ್ಷಗಳ ಬಳಿಕವೂ ಮರೆತಿರಲಿಲ್ಲ. ಬೆವರಿಗೆ ನೆನೆದ ಕ್ಯಾನ್ವಾಸಿನ ವಾಸನೆ ಮೂಗಿಗೆ ಬಡಿದೊಡನೆ ಅವರು ಮತ್ತೆ ಇಪ್ಪತ್ತರ ಹುಡುಗ. ಮುಂದೆ ನಡೆಯುತ್ತಿದ್ದ ಗೆಳೆಯರು, ಒಂದೇ ಚಮಚದಲ್ಲಿ ಮೂವರು ತಿಂದ ಗಂಜಿ, ಗಾಯವಾದ ಹಿಮ್ಮಡಿಗೆ ಯಾರೋ ಸುತ್ತಿಕೊಟ್ಟ ಕರವಸ್ತ್ರ. ಆ ಗೆಳೆಯರಲ್ಲಿ ಈಗ ಪತ್ರ ಬರೆಯಲೂ ಯಾರೂ ಉಳಿದಿಲ್ಲ.

“ಹತ್ತೋವಾಗ ಮಾತಾಡ್ಬಾರ್ದು, ಇಳಿಯೋವಾಗ ಹಾಡ್ಬಾರ್ದು,” ಅವಳು ಏದುಸಿರಿನ ನಡುವೆ ನಕ್ಕಳು. “ಅಪ್ಪನ ಕಾನೂನು. ನನ್ನನ್ನ ಕರ್ಕೊಂಡು ಬಂದಿದ್ದು ಒಂದೇ ಸಲ. ಏಳು ವರ್ಷ ನನಗೆ. ಅರ್ಧ ದಾರಿ ಮಾವನ ಹೆಗಲ ಮೇಲೆ.”

“ಅರ್ಧ ಅಲ್ಲ, ಮುಕ್ಕಾಲು,” ಎಂದ ಮಾವ. “ಮೇಲೆ ಕೂತ್ಕೊಂಡು ನನ್ನ ಕಿವಿ ತಿರುಗಿಸ್ತಿದ್ದೆ, ಎಡಕ್ಕೆ ಬಲಕ್ಕೆ ಅಂತ. ಆ ಕಿವಿ ಇನ್ನೂ ಸೊಟ್ಟಗಿದೆ, ನೋಡ್ಬೇಕಾದ್ರೆ ನೋಡು.”

“ನೀನು ಹುಟ್ಟಿದ್ದೇ ಸೊಟ್ಟ ಕಿವಿ ಇಟ್ಕೊಂಡು ಅಂತಾಳಲ್ಲ ಅಮ್ಮ!”

“ಅಕ್ಕ ಬಿಡು, ತನ್ನ ಮಗಳ ತಪ್ಪನ್ನ ಯಾವತ್ತು ಒಪ್ಪಿದ್ದಾಳೆ?”

ಇಬ್ಬರೂ ನಕ್ಕರು. ಅಪ್ಪನಿಲ್ಲದ ಮನೆಯಲ್ಲಿ ಅವಳನ್ನು ಬೆಳೆಸಿದವನು ಈ ಮಾವನೇ. ಶಾಲೆಯ ಅರ್ಜಿಗೆ ಸಹಿ ಹಾಕಿದವನು, ಜ್ವರ ಬಂದಾಗ ಹಣೆಗೆ ಬಟ್ಟೆ ಇಟ್ಟವನು, ಮದುವೆಯಾಗದೆ ಉಳಿದವನು. ಅವನ ಸುಳ್ಳೊಂದನ್ನು ಹಿಡಿಯಲು ಅವನ ಜೊತೆಗೇ ನಡೆಯುವುದು ಅವಳಿಗೆ ಎಷ್ಟು ಭಾರವೆಂದು ಪತ್ತೇದಾರರು ಬಲ್ಲರು. ಆ ಭಾರ ತೂಗಲು ಒಂಬತ್ತನೇ ಮನೆಯವನ ಬಳಿಯೂ ಕೊಕ್ಕೆಯಿರಲಿಲ್ಲ.

ಹಳೆಯ ದಾರಿ ಕವಲೊಡೆಯುವಲ್ಲಿ ಮೊದಲ ಗುರುತು ಕಂಡಿತು. ಅಂಗೈ ಅಗಲ, ಗೇಣುದ್ದ. ಮರ ದಪ್ಪಗಾದಂತೆ ಅಡ್ಡಕ್ಕೆ ಹಿಗ್ಗಿ ಬಿರಿದ ಮಾಸಲು ಹಳದಿ. ಬಿರುಕುಗಳೊಳಗೆ ಹಿಂದಿನ ವರ್ಷಗಳ ಬಿಳಿ.

“ಹಳದಿ ಬಂದಿದ್ದು ಅದೇ ವರ್ಷ,” ಎಂದರು ಪತ್ತೇದಾರರು. “ಅದಕ್ಕೂ ಮೊದಲು ಬಿಳಿ. ಹಕ್ಕಿ ಹಿಕ್ಕೆ ಯಾವುದು, ಗುರುತು ಯಾವುದು ಗೊತ್ತಾಗಲ್ಲ ಅಂತ ಸಂಘದವರು ಬದಲಾಯಿಸಿದ್ರು. ಆ ವಾರವೇ ಅಪಘಾತ, ಸೇತುವೆ ಬಿಚ್ಚಿದ್ರು, ದಾರಿ ಮುಚ್ಚಿದ್ರು. ಹಾಗಾಗಿ ಈ ಕಾಡಲ್ಲಿ ಹಳದಿ ಎಲ್ಲೇ ಕಂಡರೂ ಅದು ಆ ಒಂದೇ ದಿನದ್ದು.”

ಮಾವ ಚೀಲದ ಪಟ್ಟಿ ಸರಿಮಾಡಿಕೊಂಡ. ಸರಿಯಿದ್ದ ಪಟ್ಟಿಯನ್ನೇ.

ಪತ್ತೇದಾರರು ಪ್ರತಿ ಗುರುತು ದಾಟಿದ ಮೇಲೂ ಕತ್ತು ತಿರುಗಿಸಿ ಮರದ ಬೆನ್ನನ್ನು ನೋಡುತ್ತಿದ್ದರು.

“ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರಾ ಸಾರ್?” ಎಂದ ಮಾವ.

“ನನ್ನ ವಯಸ್ಸನ್ನ ಯಾರಪ್ಪ ಅಟ್ಟಿಸ್ಕೊಂಡು ಬರ್ತಾರೆ?” ಎಂದರು ಅವರು. ಹೇಳಲಿಲ್ಲವಾದರೂ ಎಣಿಸುತ್ತಿದ್ದರು. ಗುರುತು ಹಚ್ಚುವವರಿಗೆ ಒಂದು ಕ್ರಮವಿದೆ. ಹೋಗುವವರಿಗೆ ಮರದ ಒಂದು ಮುಖ, ಬರುವವರಿಗೆ ಇನ್ನೊಂದು. ಎರಡನ್ನೂ ಒಂದೇ ಸಲ ಹಚ್ಚಿ ಮುಗಿಸುವಂತಿಲ್ಲ; ಬರುವವನ ಕಣ್ಣಿಗೆ ಯಾವ ಮರ ಬೀಳುತ್ತದೆಂಬುದು ಬರುವವನಾಗಿ ನಡೆದರೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಹೋಗುವಾಗ ಒಂದು ಮುಖ, ಅದೇ ದಿನ ತಿರುಗಿ ಬರುವಾಗ ಇನ್ನೊಂದು.

ಹೊಳೆಯವರೆಗೆ ನಲವತ್ತಾರು ಮರಗಳು. ಎಲ್ಲಕ್ಕೂ ಹೋಗುವ ಮುಖದಲ್ಲಿ ಹಳದಿ. ಬೆನ್ನ ಮೇಲೆ ಒಂದಕ್ಕೂ ಇಲ್ಲ. ಬರೀ ಹಳೆಯ ಬಿಳಿ.

ಈವರೆಗೆ ಮಾವನ ಹೇಳಿಕೆಗೆ ಒಂದು ಕೂದಲಿನಷ್ಟೂ ಧಕ್ಕೆಯಿರಲಿಲ್ಲ.

*

ಹೊಳೆ ಬೇಸಿಗೆಗೆ ಇಳಿದಿತ್ತು. ಸೇತುವೆಯ ಎರಡು ಕಬ್ಬಿಣದ ಗೂಟಗಳು ತುಕ್ಕು ಹಿಡಿದು ದಂಡೆಯಲ್ಲಿ ನಿಂತಿದ್ದವು. ಅವಳು ಚೀಲ ಇಳಿಸಿ, ಗೂಟವೊಂದರ ಮೇಲೆ ಕೈಯಿಟ್ಟಳು.

“ಇಲ್ಲೇ,” ಎಂದ ಮಾವ. “ಹನ್ನೊಂದು ಗಂಟೆ ಹತ್ತು ನಿಮಿಷ. ಬಲಗಾಲು ಇಟ್ರು, ಹಲಗೆ ಜಾರ್ತು. ನಾನು ಐದು ಹೆಜ್ಜೆ ಹಿಂದೆ ಇದ್ದೆ.”

ಇಪ್ಪತ್ತೆರಡು ವರ್ಷಗಳ ಹಿಂದಿನ ಹೇಳಿಕೆಯಲ್ಲೂ ಇದ್ದದ್ದು ಇವೇ ಮಾತುಗಳು. ಹನ್ನೊಂದು ಹತ್ತು. ಬಲಗಾಲು. ಐದು ಹೆಜ್ಜೆ. ನಿಜವಾದ ನೆನಪು ಕಾಲ ಕಳೆದಂತೆ ಅಲ್ಲಿಷ್ಟು ಇಲ್ಲಿಷ್ಟು ಸವೆಯುತ್ತದೆ, ಬಾಯಿಪಾಠ ಸವೆಯುವುದಿಲ್ಲ. ಪತ್ತೇದಾರರು ಅದನ್ನು ಮನಸ್ಸಿನಲ್ಲೇ ಮಡಚಿಟ್ಟುಕೊಂಡು, ಶೂ ಬಿಚ್ಚಿ ಕೊರಳಿಗೆ ನೇತುಹಾಕಿಕೊಂಡರು.

“ದಾಟೋಣ.”

“ಆ ಕಡೆ ಏನಿದೆ ಸಾರ್?” ಮಾವನ ದನಿ ತುಸು ಎತ್ತರಿಸಿತು. “ಭಾವ ಆ ಕಡೆ ಹೋಗೇ ಇಲ್ಲ. ನೋಡೋಕೆ ಏನೂ ಇಲ್ಲ.”

“ಏನೂ ಇಲ್ಲ ಅನ್ನೋದನ್ನೇ ನೋಡ್ಕೊಂಡು ಬರೋಣ. ಊಟದ ಹೊತ್ತಿಗೆ ವಾಪಸ್.”

ಮೊಣಕಾಲಿನವರೆಗಿನ ನೀರು. ಎಲುಬು ಜುಮ್ಮೆನ್ನುವ ತಂಪು. ಅವಳು ಅರ್ಧದಲ್ಲಿ ಎಡವಿದಾಗ ಮಾವ ಥಟ್ಟನೆ ಅವಳ ರಟ್ಟೆ ಹಿಡಿದ. ದಡ ಸೇರಿದ ಮೇಲೂ ಒಂದು ಕ್ಷಣ ಬಿಡಲಿಲ್ಲ.

ಇಪ್ಪತ್ತು ಹೆಜ್ಜೆಯಾಚೆ, ಒಂದು ದೊಡ್ಡ ಬೀಚ್ ಮರದ ಮೇಲೆ, ಅವಳ ತಲೆಗಿಂತ ಗೇಣೊಂದು ಎತ್ತರದಲ್ಲಿ, ಹಳದಿ ಗುರುತು ಅವರನ್ನೇ ನೋಡುತ್ತಿತ್ತು.

ಅವಳು ನಿಂತಳು. “ಮಾವ, ಅಪ್ಪ ದಾಟ್ಲಿಲ್ಲ ಅಂದೆಯಲ್ಲ.”

“ಬೇರೆ ಯಾರೋ ಹಚ್ಚಿರ್ಬೇಕು ಪುಟ್ಟಿ.”

“ಇದನ್ನ?” ಅವಳ ಬೆರಳು ಮೇಲೇರಿತು. “ಒಂದೇ ಎಳೆತ, ಮೇಲಿಂದ ಕೆಳಗೆ. ಕೊನೇಲಿ ಬ್ರಷ್ಷನ್ನ ಪಕ್ಕಕ್ಕೆ ತಿರುಗಿಸಿ ಮೂಲೆ ಕತ್ತರಿಸಿದ ಹಾಗೆ. ಪೇಟೇಲಿ ಅರ್ಧ ಬೋರ್ಡು ಇದೇ ಕೈಯಲ್ಲಿ ಬರೆದಿದ್ದು. ನಾನು ಓದೋಕೆ ಕಲಿತಿದ್ದೇ ಆ ಬೋರ್ಡುಗಳಲ್ಲಿ, ಮಾವ.”

ಮಾವ ಬಂಡೆಯೊಂದರ ಮೇಲೆ ಕುಳಿತ. ಗಡಿಯಾರದ ಸಣ್ಣ ತಿರುಪುಗಳನ್ನು ಹಿಡಿದು ಪಳಗಿದ ಉದ್ದ ಬೆರಳುಗಳು ಮೊಣಕಾಲ ಮೇಲೆ ಒಂದಕ್ಕೊಂದು ಹೆಣೆದುಕೊಂಡವು.

ಪತ್ತೇದಾರರು ಆ ಮರವನ್ನು ದಾಟಿ ಹತ್ತು ಹೆಜ್ಜೆ ಮುಂದೆ ಹೋದರು. “ಇಲ್ಲಿ ಬಂದು ತಿರುಗಿ ನೋಡಮ್ಮ,” ಎಂದರು.

ಅವಳು ಹೋದಳು. ತಿರುಗಿದಳು.

ಮರದ ಬೆನ್ನ ಮೇಲೂ ಹಳದಿ. ಬರುವವರಿಗಾಗಿ ಹಚ್ಚಿದ ಗುರುತು. ಇನ್ನಷ್ಟು ಮುಂದೆ ನಡೆದು ತಿರುಗಿದರೆ ಮುಂದಿನ ಮರಕ್ಕೂ, ಅದರ ಮುಂದಿನದಕ್ಕೂ.

“ಹೊಳೆಯ ಆ ಕಡೆ ಒಂದೇ ಮುಖ, ಈ ಕಡೆ ಎರಡೂ ಮುಖ,” ಪತ್ತೇದಾರರು ಮಾವನ ಕಡೆಗೆ ಹೇಳಿದರು. “ನಿಮ್ಮ ಭಾವ ದಾಟಿದ್ರು, ಹತ್ತನೇ ಮನೆ ಮುಟ್ಟಿದ್ರು, ತಿರುಗಿ ಇಲ್ಲಿತನಕ ಬಂದ್ರು. ಹನ್ನೊಂದು ಹತ್ತಕ್ಕಲ್ಲ, ಸಾಯಂಕಾಲ ನಾಲ್ಕೋ ಐದೋ ಆಗಿರ್ಬೇಕು. ನೀವು ಅವತ್ತು ಸುಳ್ಳು ಹೇಳಿದ್ರಿ, ಆದ್ರೆ ಖಾಲಿ ಡಬ್ಬೀನ ಮಾತ್ರ ತೊಳೆದು ಸಂಘಕ್ಕೆ ವಾಪಸ್ ಕೊಟ್ರಿ.”

“ಡಬ್ಬಿ ವಾಪಸ್ ಕೊಡ್ಲೇಬೇಕು,” ಎಂದ ಮಾವ ಮಂಕಾಗಿ. “ಅದು ಸಂಘದ ನಿಯಮ.”

ಅವಳಿಗೆ ಅದು ಕೇಳಿಸಲಿಲ್ಲ. ಅವಳು ಮೊದಲ ಮರದ ವಾಪಸು ಗುರುತಿನ ಎದುರು ನಿಂತಿದ್ದಳು, ಮೂಗು ತಾಗುವಷ್ಟು ಹತ್ತಿರ. ಗುರುತು ಅವಳ ಎರಡು ಕಣ್ಣುಗಳ ನೇರಕ್ಕಿತ್ತು.

“ಸಾರ್, ಇದು ಯಾಕೆ ಇಷ್ಟು ಕೆಳಗಿದೆ?”

“ನೀನೇ ಹೇಳು. ಕಣ್ಣಳತೆ ನಿನ್ನ ಕಸುಬಲ್ವಾ?”

“ಮರ ಬೆಳೆದಿರತ್ತೆ ಪುಟ್ಟಿ,” ಮಾವ ಎದ್ದ. “ಹೆಚ್ಚುಕಡಿಮೆ ಆಗತ್ತೆ.”

“ಮರ ಎತ್ತರ ಆಗೋದು ತುದೀಲಿ,” ಎಂದರು ಪತ್ತೇದಾರರು. “ಕಾಂಡದ ಮೇಲಿನ ಗುರುತು ದಪ್ಪ ಆಗತ್ತೆ, ಮೇಲೆ ಏರಲ್ಲ. ಮತ್ತೆ, ಅಳತೆಪಟ್ಟಿ ಹಿಡ್ಕೊಂಡು ಯಾರೂ ಗುರುತು ಹಚ್ಚಲ್ಲ. ಪ್ರತಿಯೊಬ್ಬರೂ ತಮ್ಮ ಕಣ್ಣಿನ ನೇರಕ್ಕೆ ಹಚ್ತಾರೆ, ತಮಗೇ ಗೊತ್ತಿಲ್ದೆ. ಹೋಗೋ ಮುಖ ಯಾರೋ ಎತ್ತರದವರದ್ದು. ಬರೋ ಮುಖ ಯಾರೋ ಗಿಡ್ಡಗಿರೋರದ್ದು.”

ಅವಳ ತೋರುಬೆರಳು ಗುರುತಿನ ಅಂಚಿನ ಮೇಲೆ ಸುತ್ತಿತು. ನಡುವಿನ ಬಣ್ಣ ಎಂದೋ ಉದುರಿಹೋಗಿತ್ತು. ಉಳಿದಿದ್ದದ್ದು ಅಂಚು ಮಾತ್ರ, ಎರಡು ಪದರ ಕೂತು ಗಟ್ಟಿಯಾದ ಹಳದಿ ಚೌಕಟ್ಟು. ಹಚ್ಚಿದವರು ಮೊದಲು ನಾಲ್ಕೂ ಬದಿಗೆ ಗೆರೆ ಎಳೆದು, ಆಮೇಲೆ ಒಳಗೆ ತುಂಬಿದ್ದರು.

ಅವಳೊಳಗೆ ಒಂದು ಹಳೆಯ ಕೋಣೆಯ ಬಾಗಿಲು ತೆರೆಯಿತು. ಟರ್ಪೆಂಟೈನಿನ ವಾಸನೆ. ಗೋಡೆಗೆ ಒರಗಿಸಿದ ತಗಡಿನ ಹಲಗೆಗಳು. ಅಪ್ಪ ಸೀಮೆಸುಣ್ಣದಲ್ಲಿ ಅಕ್ಷರ ಬರೆದು ಬಿಡುತ್ತಿದ್ದ. ಹಲಗೆಯ ಮುಂದೆ ಮಣೆ ಹಾಕಿ ಕೂತು, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಆ ಅಕ್ಷರಗಳಿಗೆ ಬಣ್ಣ ತುಂಬುತ್ತಿದ್ದವಳು ಬೇರೆ. ಮೊದಲು ಅಂಚು, ಆಮೇಲೆ ಹೊಟ್ಟೆ. ‘ಗೆರೆ ಎಳೆದ್ಕೊಂಡ್ರೆ ಹೊರಗೆ ಹೋಗಲ್ಲ ಕಣೇ,’ ಎನ್ನುತ್ತಿದ್ದಳು. ಆಕೆಯ ಕನ್ನಡಿಯ ಮುಂದೆ ಈಗ ನಿಂತರೂ ಇವಳು ಬಗ್ಗಬೇಕಿಲ್ಲ, ತುದಿಗಾಲಲ್ಲಿ ನಿಲ್ಲಬೇಕಿಲ್ಲ.

“ಅಮ್ಮ...” ಎಂದಳು.

“ನಾನೇ ತಳ್ಳಿದೆ!” ಮಾವ ಕೂಗಿದ.

ಕೊಂಬೆಯಿಂದ ಹಕ್ಕಿಯೊಂದು ಪುರ್ರನೆ ಹಾರಿತು. ಅವನು ಗುರುತಿಗೂ ಅವಳಿಗೂ ನಡುವೆ ಬಂದು ನಿಂತಿದ್ದ, ಬಾಗಿಲಿಗೆ ಅಡ್ಡ ನಿಂತವನಂತೆ.

“ನಾನೇ. ಬೇರೆ ಯಾರೂ ಇರ್ಲಿಲ್ಲ. ಭಾವ ಸಂಸಾರ ಬಿಟ್ಟು ಬೆಟ್ಟ ಸುತ್ತೋದು ನನಗೆ ಆಗ್ತಿರ್ಲಿಲ್ಲ. ಕೊನೇ ತಂಗುಮನೆ ತನಕ ಇಡೀ ದಾರಿ ನಡೀತೀನಿ, ಎಂಟು ತಿಂಗಳು ಬರಲ್ಲ ಅಂದ್ರು. ಕೋಪ ಬಂತು. ತಳ್ಬಿಟ್ಟೆ. ಬರ್ಕೊಳ್ಳಿ ಸಾರ್.”

ಪತ್ತೇದಾರರು ಏನನ್ನೂ ಬರೆದುಕೊಳ್ಳಲಿಲ್ಲ. “ಎಲ್ಲಿ ನಿಂತಿದ್ರು ಆಗ?”

“ಇಲ್ಲೇ, ಈ ಕೊನೇ ಮರದ ಹತ್ರ. ಈ ಗುರುತು ಹಚ್ತಾ ಇದ್ರು.”

“ಯಾರು?”

“ಭಾವ.”

“ಹೇಗೆ ನಿಂತು ಹಚ್ತಿದ್ರು? ತೋರಿಸಿ.”

ಮಾವ ಗುರುತಿನ ಮುಂದೆ ನಿಂತ. ಕೈ ಎತ್ತಿದ. ಅವನ ಕೈ ತಾನಾಗಿ ಹೋಗಿ ನಿಂತದ್ದು ಗುರುತಿಗಿಂತ ಒಂದೂವರೆ ಗೇಣು ಮೇಲೆ, ಬರಿಯ ತೊಗಟೆಯ ಮೇಲೆ. ಅದನ್ನು ಇಳಿಸಬೇಕೆಂದರೆ ಬೆನ್ನು ಬಗ್ಗಿಸಬೇಕಿತ್ತು. ಅವನು ಬಗ್ಗಿಸಿದ, ಅರ್ಧಕ್ಕೇ ನಿಲ್ಲಿಸಿದ.

“ಮಾವ,” ಅವಳು ಮೆಲ್ಲಗೆ ಅವನ ತೋಳು ಹಿಡಿದಳು. “ನೀನು ಸುಳ್ಳು ಹೇಳೋವಾಗ ನಿನ್ನ ಸೊಟ್ಟ ಕಿವಿ ಕೆಂಪಾಗತ್ತೆ. ನಾನು ಅದನ್ನ ಹೆಗಲ ಮೇಲೆ ಕೂತು ನೋಡಿದವಳು. ಅಮ್ಮ ಅವತ್ತು ಎಲ್ಲಿದ್ಲು?”

“ಮನೇಲಿ. ಜ್ವರ ಬಂದು ಮಲಗಿದ್ಲು. ನಿನಗೂ ಗೊತ್ತಲ್ಲ.”

“ನನಗೆ ಗೊತ್ತಿರೋದು ಬಾಗಿಲು ಹಾಕಿತ್ತು ಅಂತ. ಜಡೆ ಹಾಕಿದ್ದು ಪಕ್ಕದ್ಮನೆ ಅತ್ತೆ. ಊಟ ಹಾಕಿದ್ದೂ ಅವರೇ. ಅಮ್ಮನ್ನ ಎಬ್ಬಿಸ್ಬೇಡ ಅಂತ ಎಲ್ರೂ ಹೇಳಿದ್ರು, ನಾನು ಎಬ್ಬಿಸ್ಲಿಲ್ಲ.”

ಅವಳು ಜೇಬಿನಿಂದ ಫೋನ್ ತೆಗೆದು, ಬಂಡೆಯ ಮೇಲೆ ಹತ್ತಿ ನಿಂತಳು. ಅಲ್ಲಿ ಎರಡು ಗೆರೆ ಸಿಗ್ನಲ್ ಇತ್ತು.

“ಬೇಡ ಪುಟ್ಟಿ,” ಎಂದ ಮಾವ. “ಬೆಂಚಿನ ಮೇಲೆ ಏನು ಬೇಕೋ ಬರೆಸು. ನನ್ನನ್ನ ಹಿಡಿದು ಕೊಡು. ಅಕ್ಕನ್ನ ಕೇಳ್ಬೇಡ.”

ಆ ಕಡೆ ಫೋನ್ ರಿಂಗಾಯಿತು. ಅವಳು ಸ್ಪೀಕರಿಗೆ ಹಾಕಿದಳು.

“ಏನೇ, ತಲುಪಿದ್ರಾ? ತಿಂದ್ರಾ ಏನಾದ್ರೂ?” ಹೊಳೆಯ ಸದ್ದಿನ ಮೇಲೆ ಅಮ್ಮನ ದನಿ ತೇಲಿಬಂತು, ಅಡುಗೆಮನೆಯ ಪಾತ್ರೆಯ ಸದ್ದಿನ ಸಮೇತ.

“ಅಮ್ಮ, ನಾನು ಹೊಳೆ ದಾಟಿದ ಮೇಲಿನ ಮೊದಲನೇ ಮರದ ಹತ್ರ ಇದ್ದೀನಿ. ಮೊದಲು ಅಂಚು, ಆಮೇಲೆ ಹೊಟ್ಟೆ. ಇನ್ನೂ ಹಾಗೇ ಇದೆ.”

ಪಾತ್ರೆಯ ಸದ್ದು ನಿಂತಿತು.

“ಉಳಿದಿದೆಯಾ ಅದು?” ಎಂದಳು ಅಮ್ಮ. ಆ ದನಿಯಲ್ಲಿ ಹೆದರಿಕೆಯಿರಲಿಲ್ಲ. ಹಳೆಯ ಪೆಟ್ಟಿಗೆಯಲ್ಲಿ ತನ್ನದೇ ಎಳೆಯ ಫೋಟೊ ಸಿಕ್ಕವಳ ದನಿ ಅದು. “ಅವತ್ತು ಮಧ್ಯಾಹ್ನ ಬಸ್ಸಲ್ಲಿ ಹತ್ತನೇ ಮನೆಗೆ ಹೋಗಿದ್ದೆ. ಆಗ ಅದು ಮನೆನೂ ಅಲ್ಲ, ತಗಡಿನ ಸೂರು, ಕಾಯೋರೂ ಇಲ್ಲ. ಎಂಟು ತಿಂಗಳು ಹೋಗೋದಾದ್ರೆ ಮನೆಗೆ ಬರಲೇಬೇಡಿ ಅನ್ನೋಕೆ ಹೋಗಿದ್ದೆ. ಚೆನ್ನಾಗಿ ಜಗಳ ಆಡಿದ್ವಿ. ನಿಮ್ಮಪ್ಪ ಬ್ರಷ್ ತೆಗೆದು ನನ್ನ ಕೈಗೆ ಕೊಟ್ರು. ‘ವಾಪಸು ದಾರಿ ನೀನು ಹಚ್ಚು, ನಾನು ಯಾಕೆ ಬರ್ತೀನಿ ಗೊತ್ತಾಗತ್ತೆ’ ಅಂದ್ರು. ಹದಿನೇಳು ಮರ ಆಗೋಷ್ಟರಲ್ಲಿ ನನ್ನ ಕೋಪ ಇಳಿದಿತ್ತು ಕಣೇ. ಮುಂದಿನ ವರ್ಷ ನಿನ್ನನ್ನೂ ಕರ್ಕೊಂಡು ಬರೋಣ ಅಂದೆ.”

ಅವಳ ಕಣ್ಣು ತುಂಬಿತು. “ಆಮೇಲೆ?”

“ನಿನ್ನ ಮಾವ ಅಲ್ಲಿದ್ದಾನಾ?”

“ಇದ್ದಾನೆ. ತಾನೇ ತಳ್ಳಿದ್ದು ಅಂತಿದ್ದಾನೆ.”

“ಹೇಳ್ಬಿಟ್ನಾ?” ಅಮ್ಮ ದೀರ್ಘವಾಗಿ ಉಸಿರುಬಿಟ್ಟಳು. “ಹೋಗ್ಲಿ. ಇಪ್ಪತ್ತೆರಡು ವರ್ಷ ನಾನು ಬಾಯಿ ಬಿಡ್ಲಿಲ್ಲ, ಒಡಹುಟ್ಟಿದವನು ಅಂತ. ನಿನ್ನನ್ನ ಅವನು ಸಾಕಿದ್ದು ನೋಡಿ ಕ್ಷಮಿಸಿಯೂ ಬಿಟ್ಟೆ.”

ಮಾವ ತಲೆಯೆತ್ತಿದ. ಅವನ ಮುಖದಿಂದ ಬಣ್ಣ ಇಳಿಯುತ್ತಿದ್ದದ್ದನ್ನು ಪತ್ತೇದಾರರು ಕಂಡರು. ಅದು ಸಿಕ್ಕಿಬಿದ್ದವನ ಮುಖವಾಗಿರಲಿಲ್ಲ.

“ಅಕ್ಕಾ,” ಎಂದ ಅವನು. “ನೀನೇ ಅಲ್ವಾ?”

“ನಾನಾ? ಏನೋ ನಾನು?”

“ನೀವಿಬ್ರೂ ಜಗಳ ಆಡ್ತಿದ್ರಲ್ಲ, ನೋಡೋಕಾಗ್ದೆ ನಾನು ಚೀಲ ಹೊತ್ಕೊಂಡು ಕೆಳಗಿನ ಬಸ್ಸಿನ ದಾರೀಲಿ ಹೊಳೆ ದಾಟಿ ಬಂದೆ. ಸೇತುವೆಯ ಆ ತುದೀಲಿ ಹತ್ತಿ ಬಂದಾಗ ನೀನೊಬ್ಳೇ ನೆಲದ ಮೇಲೆ ಕೂತಿದ್ದೆ. ಮಾತಿಲ್ಲ. ಪಕ್ಕದಲ್ಲಿ ಡಬ್ಬಿ ಮಗುಚಿ ಖಾಲಿಯಾಗಿತ್ತು. ನಾನು ಏನಂದ್ಕೊಳ್ಲಿ? ಅದಕ್ಕೇ ನಿನ್ನನ್ನ ಕೆಳಗಿನ ದಾರೀಲಿ ಮನೆಗೆ ಕಳಿಸ್ದೆ. ಅದಕ್ಕೇ ಬೆಳಗ್ಗೆ ಬಿದ್ರು, ನಾನೊಬ್ನೇ ಇದ್ದೆ, ಸಂಜೆ ತನಕ ಹೊಳೇಲಿ ಹುಡುಕಿದೆ ಅಂತ ಹೇಳ್ದೆ. ನಿನಗೋಸ್ಕರ!”

“ಅಯ್ಯೋ ನಿನ್ನ!” ಫೋನಿನಲ್ಲಿ ಏನೋ ನೆಲಕ್ಕೆ ಬಿದ್ದ ಸದ್ದು. “ನಾನು ಕಣ್ಣಾರೆ ನೋಡಿದ್ದೀನಲ್ಲೋ ನಿನ್ನನ್ನ! ನಾನು ಇನ್ನೂ ಆ ಕೊನೇ ಮರ ತುಂಬ್ತಿದ್ದೆ. ಅವರು ಮುಂದೆ ಸೇತುವೆ ಮೇಲೆ ಹೋಗಿದ್ರು. ಎದುರಿಂದ ನೀನು ಬಂದೆ. ನಿನ್ನ ಆ ಉದ್ದನೆ ಕೆಂಪು ಮಳೆಕೋಟು. ಟೋಪಿ ಮುಖದ ಮೇಲೆ. ನಾನು ಬ್ರಷ್ ಒರೆಸಿ ತಲೆ ಎತ್ತೋಷ್ಟರಲ್ಲಿ ಸೇತುವೆ ಮೇಲೆ ಯಾರೂ ಇರ್ಲಿಲ್ಲ. ಓಡಿ ದಾಟಿ ಬಂದೆ. ಆಮೇಲೆ ಪೊದೆಯಿಂದ ನೀನು ಹತ್ತಿ ಬಂದೆ.”

“ಕೋಟು ಹಾಕ್ಕೊಂಡಿದ್ನಾ ನಾನು?”

ಅಮ್ಮ ತಡೆದಳು. “ಇಲ್ಲ. ಬಿಚ್ಚಿ ಚೀಲಕ್ಕೆ ತುರುಕಿದ್ದೀಯ ಅಂದ್ಕೊಂಡೆ.”

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಒಂದೇ ಮನೆಯಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ, ಇಪ್ಪತ್ತೆರಡು ವರ್ಷ ಒಬ್ಬರ ತಟ್ಟೆಗೊಬ್ಬರು ಬಡಿಸಿಕೊಂಡು ಬಂದ ಅಕ್ಕ-ತಮ್ಮ. ಇವಳಿಗಾಗಿ ಅವನು, ಅವನಿಗಾಗಿ ಇವಳು, ಇಬ್ಬರೂ ಮಾಡದ ಕೊಲೆಯನ್ನು ಮುಚ್ಚಿಟ್ಟುಕೊಂಡು. ನಡುವೆ ಕೂತು ಉಂಡು ಬೆಳೆದ ಮಗಳು ಈಗ ಬಂಡೆಯ ಮೇಲೆ ಫೋನ್ ಹಿಡಿದು ನಿಂತಿದ್ದಳು.

“ಆ ಕೋಟು ಎಲ್ಲಿತ್ತು ಆ ದಿನ?” ಪತ್ತೇದಾರರ ದನಿ ಬಹಳ ತಗ್ಗಿತ್ತು.

ಮಾವ ಕಣ್ಣು ಮುಚ್ಚಿದ. ಈ ಸಲ ಬಾಯಿಪಾಠವಿರಲಿಲ್ಲ. ಒಂದೊಂದು ಮಾತನ್ನೂ ಹುಡುಕಿ ತೆಗೆಯುತ್ತಿದ್ದ.

“ಬೆಳಗ್ಗೆ ಬಿಸಿಲಿತ್ತು. ಬೇಡ ಅಂತ ಒಂಬತ್ತನೇ ಮನೆ ಗೋಡೆ ಮೊಳೆಗೆ ಹಾಕಿ ಬಂದಿದ್ದೆ. ಸಂಜೆ, ಭಾವ ಬಿದ್ರು ಅಂತ ಹೇಳೋಕೆ ಓಡಿ ಹೋದೆನಲ್ಲ, ಆಗ ಅದು ಅದೇ ಮೊಳೇಲಿ ನೇತಾಡ್ತಿತ್ತು. ಚಳಿಗೆ ನಡುಗ್ತಿದ್ದೆ. ಯಾರೋ ತೆಗೆದು ಕೊಟ್ರು, ಹಾಕ್ಕೊಂಡೆ.”

“ಆಮೇಲೆ?”

“ಸೂರು ಸೋರಿರ್ಬೇಕು ಅಂದ್ಕೊಂಡೆ ಸಾರ್. ಅವತ್ತು ಮಳೆ ಬಂದಿರ್ಲಿಲ್ಲ ಅಂತ ನನಗೆ ಹೊಳೀಲೇ ಇಲ್ಲ. ಯಾರೋ ಅದನ್ನ ಹಾಕ್ಕೊಂಡು ಹೊಳೆಗೆ ಹೋಗಿ ಬಂದು ಮತ್ತೆ ಮೊಳೆಗೆ ಹಾಕಿದ್ರು.” ಅವನು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಕೈಗಳನ್ನು ನೋಡುವವನಂತೆ ನೋಡಿದ. “ಬೆನ್ನು ಒಣಗಿತ್ತು. ತೋಳುಗಳು ಮಾತ್ರ, ಮೊಣಕೈ ತನಕ, ಎರಡೂ ಒದ್ದೆ.”